ಹದಿನಾಲ್ಕು ಓಕ್ ಮರಗಳ ಸೈಕಲ್ ದಾರಿ

ಲಿವಿಯೊ ಮೊದಲು ಸೈಕಲ್ ಹತ್ತಿದ್ದು ಬಾಯಲ್ಲಿ. ಕಾಲು ಬಂದದ್ದು ಆಮೇಲೆ, ಅದೂ ಪೂರ್ತಿ ಬಂತು ಎನ್ನುವ ಹಾಗಿಲ್ಲ.

ಏಪ್ರಿಲ್ ತಿಂಗಳ ಒಂದು ಶನಿವಾರ ನಮ್ಮ ಮೊಂತ್ರಿನ್ ಊರಿನ ಗಂಡಸರೆಲ್ಲ ವೈನಂಗಡಿಯಲ್ಲಿದ್ದೆವು. ಹೆಂಗಸರೂ ಕೆಲವರಿದ್ದರು, ಅವರು ಗಂಡಸರನ್ನು ಎಬ್ಬಿಸಿಕೊಂಡು ಹೋಗಲು ಬಂದವರು. ಅಷ್ಟರಲ್ಲಿ ಪ್ರವಾಸ ಕಚೇರಿಯ ದಾರಿಂಕಾ ಎಂಬ ಹೆಂಗಸು ಕಂಕುಳಲ್ಲಿ ನಕ್ಷೆಯ ಸುರುಳಿ ಇಟ್ಟುಕೊಂಡು ಒಳಗೆ ಬಂದಳು. ಸಮುದ್ರದ ದಂಡೆಯಿಂದ ಒಳನಾಡಿನ ಗುಡ್ಡಗಳವರೆಗೆ ಬೆಟ್ಟದ ಸೈಕಲ್ ಸವಾರರಿಗಾಗಿ ಒಂದು ದಾರಿ ಗುರುತಿಸುತ್ತಿದ್ದರಂತೆ. ದಂಡೆಯ ಕಡೆಯದು ಮುಗಿದಿತ್ತು, ಗುಡ್ಡದ ಆಚೆಯದೂ ಮುಗಿದಿತ್ತು. ನಡುವೆ ಮಿರ್ನಾ ನದಿಯ ಓಕ್ ಕಾಡು ಹೊಕ್ಕು ಮೇಲೆ ಬರುವ ಹದಿನೆಂಟು ಕಿಲೋಮೀಟರ್ ಬಾಕಿ. ಅದು ನಮ್ಮೂರಿಗೆ ಹತ್ತಬೇಕೋ ಎದುರು ಗುಡ್ಡದ ಬೆರ್ಕಾಸಿಗೆ ಹತ್ತಬೇಕೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

"ಈ ಕಾಡಿನ ದಾರೀನ ಸೈಕಲ್ ಮೇಲೆ ಬಲ್ಲೋರು ಯಾರಾದ್ರೂ ಇದೀರಾ?" ಎಂದು ದಾರಿಂಕಾ ಕೇಳಿದಳು. "ಬೆರ್ಕಾಸಲ್ಲಿ ಆಗಲೇ ಇಬ್ರು ಹೆಸರು ಕೊಟ್ಟಿದಾರೆ."

ಬೆರ್ಕಾಸಿನ ಹೆಸರು ಕೇಳಿ ನಮಗೆಲ್ಲ ರೋಷ ಬಂತು, ಆದರೆ ಯಾರಿಗೂ ಸೈಕಲ್ ಬರಲಿಲ್ಲ. ಬಾಗಿಲಲ್ಲಿ ಲಿವಿಯೊನ ಹೆಂಡತಿ ಫುಮಿಯಾ ನಿಂತಿದ್ದಳು. ಹಳೆಯ ದನದ ಕೊಟ್ಟಿಗೆಯ ಮೇಲೆ ಅವಳು ಆರು ವರ್ಷ ಒದ್ದಾಡಿ ಎರಡು ಕೋಣೆ ಮಾಡಿಸಿದ್ದಳು, ಬಾಡಿಗೆಗೆ. ಕಿಟಕಿಗೆ ಕಸೂತಿಯ ಪರದೆ, ಅಜ್ಜಿಯ ಕಾಲದ ಮಂಚ. ಇಷ್ಟು ದಿನದಲ್ಲಿ ಒಬ್ಬ ಅತಿಥಿ ಬಂದಿದ್ದ. ಅವನೂ ಬೆರ್ಕಾಸಿಗೆ ಹೋಗುವ ದಾರಿ ಕೇಳಿ ಹೊರಟುಹೋದ. ಫುಮಿಯಾಳ ಮುಖ ಆವತ್ತು ನೋಡಿದವರು ಮತ್ತೆ ಆ ಕೋಣೆಗಳ ಸುದ್ದಿ ಎತ್ತುತ್ತಿರಲಿಲ್ಲ.

ಲಿವಿಯೊ ಹೆಂಡತಿಯನ್ನು ನೋಡಿದ, ಲೋಟ ನೋಡಿದ, ಎದ್ದು ನಿಂತ.

"ನಾನು ಬಲ್ಲೆ," ಎಂದ. "ಪ್ರಾಯದಲ್ಲಿ ಈ ಕಾಡಲ್ಲಿ ಸೈಕಲ್ ಮೇಲೆ ಟಪಾಲು ಹಂಚಿದೋನು ನಾನು."

ಅವನು ಅಂಚೆ ಕಚೇರಿಯಲ್ಲಿದ್ದದ್ದು ನಿಜ. ಮೂವತ್ತೊಂದು ವರ್ಷ ಒಂದೇ ಕಿಟಕಿಯ ಹಿಂದೆ ಒಂದೇ ಕುರ್ಚಿಯಲ್ಲಿ ಕೂತು ಮುದ್ರೆ ಒತ್ತಿದ್ದ. ಇದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಬೆರ್ಕಾಸಿನ ವಿರುದ್ಧ ಹೇಳಿದ ಸುಳ್ಳು ನಮ್ಮೂರಲ್ಲಿ ಸುಳ್ಳೆನಿಸಿಕೊಳ್ಳುವುದಿಲ್ಲ.

ವಾರದೊಳಗೆ ಕಚೇರಿಯಿಂದ ಸೈಕಲ್ ಬಂತು, ಹೆಲ್ಮೆಟ್ ಬಂತು, ಮೈಗೆ ಅಂಟುವ ಕರಿ ಚಡ್ಡಿ ಬಂತು. ಜೊತೆಗೆ ಆಕ್ರೋಟಿನಷ್ಟು ದೊಡ್ಡ ಒಂದು ಯಂತ್ರ. ಅದನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೋದರೆ ಸಾಕು, ಹೋದ ದಾರಿ, ನಿಂತ ಜಾಗ ಎಲ್ಲ ದಾರಿಂಕಾಳ ಕಂಪ್ಯೂಟರ್ ಪರದೆಯ ಮೇಲೆ ತಾನೇ ಮೂಡುತ್ತದೆ. ಎರಡು ತಿಂಗಳು ದಿನಾ ಸವಾರಿ ಮಾಡಬೇಕು, ದಾರಿ ಸರಿಯಿದೆ ಎನಿಸಿದರೆ ಮೊಂತ್ರಿನ್‌ಗೆ, ಇಲ್ಲದಿದ್ದರೆ ಬೆರ್ಕಾಸಿಗೆ.

ಮೊದಲ ದಿನ ಅವನು ಚಡ್ಡಿಯಲ್ಲಿ ಹೊರಬಿದ್ದಾಗ ಎದುರು ಮನೆಯ ನೀನಾ ಮುದುಕಿ ಶಿಲುಬೆ ಗುರುತು ಹಾಕಿಕೊಂಡಳು. "ಫುಮಿಯಾ! ನಿನ್ನ ಗಂಡ ಪ್ಯಾಂಟು ಮರೆತು ಹೊರಟವ್ನೆ, ಕರಿಯೇ ಒಳಗೆ!"

"ಮರೆತಿಲ್ಲ ನೀನಮ್ಮ, ಅದೇ ಪ್ಯಾಂಟು," ಎಂದಳು ಫುಮಿಯಾ.

"ಅದೇನಾ? ಹಂಗಾರೆ ಉಳಿದ ಬಟ್ಟೆ ಯಾರು ಇಟ್ಕೊಂಡ್ರು, ಸರ್ಕಾರದೋರಾ?"

ಮೊದಲ ಮುನ್ನೂರು ಮೀಟರ್ ಇಳಿಜಾರು, ಆದ್ದರಿಂದ ಲಿವಿಯೊ ಗೌರವದಿಂದಲೇ ಇಳಿದ. ತಿರುವಿನ ಆಚೆ ಪಾಳುಬಿದ್ದ ಎಣ್ಣೆ ಗಾಣದ ಮನೆ ಇದೆ. ಅಲ್ಲಿಂದ ಮುಂದೆ ಒಂದು ಸಣ್ಣ ಏರು. ಆ ಏರಿನ ಅರ್ಧದಲ್ಲಿ ಅವನ ಎದೆ ನಗಾರಿ ಬಾರಿಸಿತು, ಕಣ್ಣ ಮುಂದೆ ನಕ್ಷತ್ರ ಬಂತು, ಕಾಲುಗಳು ತಮ್ಮ ಪಾಡಿಗೆ ತಾವು ನಿವೃತ್ತಿ ತೆಗೆದುಕೊಂಡವು. ಅವನು ಸೈಕಲ್ಲನ್ನು ಗಾಣದ ಮನೆಗೆ ಎಳೆದುಕೊಂಡು ಬಂದು, ಗೋಣಿಚೀಲದ ಮೇಲೆ ಮಲಗಿ, ಹನ್ನೊಂದು ಗಂಟೆಗೆ ಎದ್ದು, ಸಾವಕಾಶವಾಗಿ ಮನೆಗೆ ಬಂದ. "ಹೆಂಗಿತ್ತು?" ಎಂದು ಫುಮಿಯಾ ಕೇಳಿದ್ದಕ್ಕೆ "ಕಾಡು ಬದಲಾಗಿದೆ," ಎಂದ.

ಸಂಜೆ ದಾರಿಂಕಾಳ ಫೋನು ಬಂತು. "ಲಿವಿಯೊ ಅವರೇ, ಬರೀ ಮುನ್ನೂರು ಮೀಟರ್ ತೋರಿಸ್ತಿದೆಯಲ್ಲ?"

"ಯಂತ್ರ ಸರಿಯಾಗಿ ಸಿಕ್ಕಿಸಿರಲಿಲ್ಲ ಮೇಡಂ. ನಾಳೆ ಸಿಕ್ಕಿಸ್ತೀನಿ."

ಮರುದಿನ ಸಿಕ್ಕಿಸಿದ. ನಾಯಿಗೆ.

ಆ ನಾಯಿಯ ಹೆಸರು ಮೋರಾ. ಅವನ ಪಕ್ಕದ ಮನೆಯ ಜ್ವಾನೆಯದು. ಜ್ವಾನೆ ಎಂದರೆ ನಮ್ಮ ಕಣಿವೆಯಲ್ಲೇ ದೊಡ್ಡ ಟ್ರಫಲ್ ಬೇಟೆಗಾರ. ಟ್ರಫಲ್ ಓಕ್ ಮರದ ಬೇರಿನ ಬಳಿ ನೆಲದಡಿಯಲ್ಲಿ ಬೆಳೆಯುವ ಅಣಬೆ. ನಾಯಿಯ ಮೂಗಿಗೆ ಮಾತ್ರ ಸಿಕ್ಕುತ್ತದೆ, ಮನುಷ್ಯರ ಬುದ್ಧಿ ಕೆಡಿಸುತ್ತದೆ. ಅದು ಸಿಗುವ ಜಾಗವನ್ನು ನಮ್ಮಲ್ಲಿ ಹೆಂಡತಿಗೆ ಹೇಳುವುದಿಲ್ಲ, ಪಾದ್ರಿಗೆ ಪಾಪನಿವೇದನೆಯಲ್ಲೂ ಹೇಳುವುದಿಲ್ಲ. ಸಾಯುವ ಮುಂಚೆ ಮಗನ ಕಿವಿಯಲ್ಲಿ ಹೇಳುವುದು ಪದ್ಧತಿ. ನನ್ನಪ್ಪ ಹೇಳಲು ಬಾಯಿ ತೆರೆದ, ಒಂದು ಸಲ ನನ್ನ ಮುಖ ನೋಡಿದ, ಮತ್ತೆ ಮುಚ್ಚಿದ.

ಜ್ವಾನೆ ಲಿವಿಯೊನ ಮಗಳನ್ನು ಜ್ಞಾನಸ್ನಾನದ ದಿನ ಎತ್ತಿ ಹಿಡಿದವನು. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು 'ಕುಮ'. ನಮ್ಮ ಕಡೆ ಅಣ್ಣತಮ್ಮಂದಿರು ಕೋರ್ಟು ಹತ್ತಬಹುದು, ಕುಮಂದಿರು ಹತ್ತುವಂತಿಲ್ಲ.

ಮೋರಾ ದಿನಾ ಬೆಳಿಗ್ಗೆ ಯಜಮಾನನ ಜೊತೆ ಕಾಡಿಗೆ ಹೊರಡುವ ಮುಂಚೆ ಲಿವಿಯೊನ ಬಾಗಿಲಿಗೆ ಬಂದು ಒಂದು ತುಂಡು ಮಾಂಸ ತಿಂದು ಹೋಗುತ್ತಿತ್ತು. ಅದರ ಕತ್ತಿನ ಪಟ್ಟಿಯಡಿ, ದಟ್ಟ ಕೂದಲ ಸಂದಿಯಲ್ಲಿ ಲಿವಿಯೊ ಯಂತ್ರ ಸಿಕ್ಕಿಸಿದ. ನಾಯಿ ಕಾಡಿಗೆ, ತಾನು ಗಾಣದ ಮನೆಗೆ. ಮಧ್ಯಾಹ್ನ ಮತ್ತೆ ಬಿಚ್ಚಿಕೊಳ್ಳುವುದು. ಇದರಲ್ಲಿ ಮೋಸವೇನಿದೆ ಎಂದು ಅವನ ವಾದ. ದಾರಿ ಸುಳ್ಳಲ್ಲ, ಕಾಡು ಸುಳ್ಳಲ್ಲ, ಬೆಳಗಾಗೆದ್ದು ಯಾರೋ ಒಬ್ಬರು ಓಡಾಡಿದ್ದೂ ಸುಳ್ಳಲ್ಲ. ಕಾಲಿನ ಲೆಕ್ಕ ಹಿಡಿದರೆ ಎರಡು ಹೆಚ್ಚೇ.

ದಾರಿಂಕಾ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು.

"ನಿಮ್ಮ ವೇಗ ಗಂಟೆಗೆ ನಾಲ್ಕು ಕಿಲೋಮೀಟರ್ ಬರ್ತಿದೆಯಲ್ಲ?"

"ನಿಧಾನವೇ ಪ್ರಧಾನ, ಮೇಡಂ."

"ಆದ್ರೆ ಮೊನ್ನೆ ಎಲ್ಲಕ್ಕಿಂತ ಕಡಿದಾದ ಏರಲ್ಲಿ ಮೂವತ್ತೆರಡು ಬಂದಿದೆ!"

ಅಲ್ಲಿ ಮೊಲ ಎದ್ದಿರಬೇಕು. "ಅಲ್ಲಿ... ಸ್ವಲ್ಪ ಹುಮ್ಮಸ್ಸು ಬಂತು," ಎಂದ ಲಿವಿಯೊ.

"ಮತ್ತೆ ದಿನಾ ಅದೇ ಹದಿನಾಲ್ಕು ಕಡೆ ನಿಂತು ಮೂರು ಮೂರು ಸುತ್ತು ಹಾಕ್ತೀರಿ. ಏನಿದೆ ಅಲ್ಲಿ?"

ಏನಿದೆ ಎಂದು ಅವನಿಗೇನು ಗೊತ್ತು? "ನೋಟ ಇದೆ ಮೇಡಂ," ಎಂದ. "ಸುತ್ತಲೂ ಇದೆ. ಅದಕ್ಕೇ ಸುತ್ತಬೇಕು."

"ಎಂಥ ರಸಿಕರು ನೀವು!" ಎಂದಳು ದಾರಿಂಕಾ.

ಎಲ್ಲ ಸುಗಮವಾಗಿತ್ತು, ಕುಮ ಒಬ್ಬನನ್ನು ಬಿಟ್ಟು. ಜ್ವಾನೆ ಯಾಕೋ ಮಾತು ಕಡಿಮೆ ಮಾಡಿದ. ಬೇಲಿಯ ಆಚೆಯಿಂದ ಲಿವಿಯೊನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನ್ ಕುಮ, ಸಿಕ್ತಾ?" ಎಂದಷ್ಟೇ ಕೇಳುತ್ತಿದ್ದ. ದಾರಿಯ ವಿಷಯ ಕೇಳುತ್ತಿದ್ದಾನೆಂದು ತಿಳಿದು ಲಿವಿಯೊ, "ಸಿಕ್ತಾ ಇದೆ ಕುಮ, ದಿನಾ ಹದಿನೆಂಟು," ಎನ್ನುತ್ತಿದ್ದ. ಜ್ವಾನೆಯ ಮೀಸೆ ನಡುಗುತ್ತಿತ್ತು. ನನ್ನ ಚಡ್ಡಿ ಕಂಡು ಹೊಟ್ಟೆಕಿಚ್ಚು, ಎಂದುಕೊಂಡ ಲಿವಿಯೊ.

ಸೆಪ್ಟೆಂಬರ್ ಮೊದಲ ವಾರ ದಾರಿಂಕಾ ಅಚ್ಚಾದ ನಕ್ಷೆಯನ್ನು ತಂದು ವೈನಂಗಡಿಯ ಗೋಡೆಗೆ ಹೊಡೆದು, ತಿಂಗಳ ಕೊನೆಯ ಶನಿವಾರ ಉದ್ಘಾಟನೆಯ ಸವಾರಿ ಎಂದು ಹೇಳಿ ಹೋದಳು. ಕಾಡಿನೊಳಗೆ ಒಂದು ಕೆಂಪು ಗೆರೆ, ಗೆರೆಯ ಮೇಲೆ ಹದಿನಾಲ್ಕು ಸುರುಳಿ, ಒಂದೊಂದು ಸುರುಳಿಯ ನಡುವೆ ಒಂದು ಓಕ್ ಮರದ ಚಿತ್ರ.

ನಾವು ಲೋಟ ಹಿಡಿದು ನೋಡಲು ಹೋದೆವು. ಮೊದಲು ಯಾರಿಗೂ ಏನೂ ಅನಿಸಲಿಲ್ಲ. ಆಮೇಲೆ ಒಬ್ಬ ಕನ್ನಡಕ ಹಾಕಿಕೊಂಡ. ಆಮೇಲೆ ಇನ್ನೊಬ್ಬ ಅವನ ಕನ್ನಡಕ ಕಿತ್ತು ತಾನು ಹಾಕಿಕೊಂಡ. ಅಡ್ಡಡ್ಡ ಹೋಗುವುದು, ಹಿಂದಕ್ಕೆ ಬರುವುದು, ಮರದ ಬುಡದಲ್ಲಿ ನಿಲ್ಲುವುದು, ಸುತ್ತುವುದು. ಅಂಥ ಗೆರೆಯನ್ನು ಸೈಕಲ್ ಎಳೆಯುವುದಿಲ್ಲ, ಟ್ರಫಲ್ ಹುಡುಕುವ ನಾಯಿ ಎಳೆಯುತ್ತದೆ ಎಂದು ನಮ್ಮ ಕಡೆಯ ತೊಟ್ಟಿಲ ಮಗುವಿಗೂ ಗೊತ್ತು.

"ಇದು ಜ್ವಾನೆ ದಾರಿ," ಎಂದು ನೀನಾ ಮುದುಕಿ ಪಿಸುಗುಟ್ಟಿದಳು. "ನಲವತ್ತು ವರ್ಷ ಯಾರಿಗೂ ಸಿಗದ ದಾರಿ. ಲಿವಿಯೊ ಎರಡು ತಿಂಗಳು ಹಿಂದ್ ಹಿಂದೇನೇ ಹೋಗವ್ನೆ!"

"ಸೈಕಲ್ ಬರೀ ನೆಪ!"

"ಕರಿ ಚಡ್ಡಿ ಯಾಕೆ ಅಂತ ಈಗ ಗೊತ್ತಾಯ್ತು. ಪೊದೇಲಿ ಕೂತ್ರೆ ಕಾಣ್ಬಾರ್ದು ಅಂತ!"

ನಾವೆಲ್ಲ ತಿರುಗಿ ಮೂಲೆಯಲ್ಲಿದ್ದ ಜ್ವಾನೆಯನ್ನು ನೋಡಿದೆವು. ಹೊಡೆದಾಟ ಆಗುತ್ತದೆಂದು ಮಾಲೀಕ ಲೋಟಗಳನ್ನು ಒಳಗಿಟ್ಟ. ಜ್ವಾನೆ ಎದ್ದು ಬಂದು ನಕ್ಷೆಯನ್ನು ಬಹಳ ಹೊತ್ತು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ; ಅರ್ಥವಾಗದ ಲೆಕ್ಕದ ಮುಂದೆ ನಿಂತವನ ಮುಖ ಅದು. "ಅಚ್ಚು ಚೆನ್ನಾಗಿದೆ," ಎಂದು ಹೇಳಿ ಹೊರಟುಹೋದ.

ಮರುದಿನದಿಂದ ಮೊಂತ್ರಿನ್‌ನಲ್ಲಿ ಸೈಕಲ್ ಕ್ರಾಂತಿಯಾಯಿತು. ಅಟ್ಟಗಳಿಂದ ಅಜ್ಜಂದಿರ ಸೈಕಲ್ಲುಗಳು ಇಳಿದವು. ಪಾದ್ರಿ ತಮ್ಮ ನಿಲುವಂಗಿಯ ಅಂಚಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿಕೊಂಡು ಚರ್ಚಿನ ಅಂಗಳದಲ್ಲಿ ಕಲಿತರು. ನೀನಾ ಮುದುಕಿ ಮೂರು ಗಾಲಿಯದನ್ನು ಎಲ್ಲಿಂದಲೋ ಹೊಂದಿಸಿದಳು. ಮುಂದಿನ ಬುಟ್ಟಿಗಳಲ್ಲಿ ನಾಯಿಗಳು ಕೂತವು. ಗಾಳಿ ಹೊಡೆಯುವ ಪಂಪು ಇರಬೇಕಾದ ಕಡೆ ಚೀಲ ಸುತ್ತಿದ ಗುದ್ದಲಿಗಳಿದ್ದವು. ಬಿಳಿ ಟ್ರಫಲ್‌ನ ಕಾಲ ಇನ್ನೇನು ಶುರುವಾಗುವುದರಲ್ಲಿತ್ತು. ಆದರೆ ಯಾರೂ ಒಬ್ಬೊಬ್ಬರೇ ಹೋಗುವಂತಿರಲಿಲ್ಲ, ಒಬ್ಬ ಹೊರಟರೆ ಇಪ್ಪತ್ತು ಕಣ್ಣು ಹಿಂದೆ. ಹಾಗಾಗಿ ಎಲ್ಲರೂ ಉದ್ಘಾಟನೆಯ ಸವಾರಿಗೆ ಹೆಸರು ಕೊಟ್ಟೆವು.

ಅದನ್ನು ಕಂಡು ದಾರಿಂಕಾಳ ಕಣ್ಣು ತುಂಬಿ ಬಂತು. "ಎಂಬತ್ತು ವರ್ಷದೋರು ಕೂಡ! ಒಂದು ದಾರಿ ಒಂದು ಊರನ್ನ ಹೆಂಗೆ ಬದಲಾಯಿಸುತ್ತೆ ನೋಡಿ ಸಾರ್," ಎಂದು ಜಿಲ್ಲೆಯ ಅಧಿಕಾರಿ ತುಲ್ಯಾಕ್ ಅವರಿಗೆ ಫೋನಿನಲ್ಲಿ ಹೇಳಿದಳು. ತುಲ್ಯಾಕ್ ಸಾಹೇಬರು ತಾವೇ ಬಂದು ಪೂರ್ತಿ ದಾರಿ ಸವಾರಿ ಮಾಡುವುದಾಗಿಯೂ, ಒಪ್ಪಿಗೆಯಾದರೆ ನಮ್ಮೂರ ಬಾಗಿಲಲ್ಲೇ ಸಹಿ ಹಾಕುವುದಾಗಿಯೂ, ಇಲ್ಲದಿದ್ದರೆ ಬೆರ್ಕಾಸಿನವರು ಕಾಯುತ್ತಿದ್ದಾರೆಂದೂ ತಿಳಿಸಿದರು. ಮುಂದಾಳು ಲಿವಿಯೊ.

ಲಿವಿಯೊ ಎರಡು ದಿನ ಊಟ ಬಿಟ್ಟ. ನಿಜ ಹೇಳಿದರೆ ದಾರಿ ಬೆರ್ಕಾಸಿಗೆ, ಹೇಳದಿದ್ದರೆ ತಾನು ಕಾಡಿಗೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೆಂಡತಿಗೆ ಹೇಳಿಬಿಡೋಣವೆಂದು ಮೇಲಿನ ಕೋಣೆಗೆ ಹೋದ. ಅವಳು ಹಾಸಿಗೆಗೆ ಹೊಸ ಚಾದರ ಹಾಸುತ್ತಿದ್ದಳು. ಗ್ರಾಜ್ ನಗರದ ಗಂಡ ಹೆಂಡತಿ ಇಬ್ಬರು ಕಾಗದ ಬರೆದಿದ್ದರಂತೆ: ದಾರಿ ತೆರೆದರೆ ಭಾನುವಾರ ಬರುತ್ತೇವೆ, ನಾಲ್ಕು ದಿನ ಇರುತ್ತೇವೆ. "ದಿಂಬು ಎರಡು ಸಾಕಾ, ನಾಲ್ಕು ಬೇಕಾ?" ಎಂದು ಫುಮಿಯಾ ಕೇಳಿದಳು. "ನಾಲ್ಕಿಡು," ಎಂದು ಹೇಳಿ ಇಳಿದು ಬಂದ.

ಉದ್ಘಾಟನೆಯ ದಿನ ಮೂವತ್ತೊಂದು ಸವಾರರು ಹೊರಟೆವು. ಲಿವಿಯೊ ಮುಂದೆ, ಹ್ಯಾಂಡಲ್ ಮೇಲೆ ನಕ್ಷೆ. ಹಿಂದೆ ತುಲ್ಯಾಕ್ ಸಾಹೇಬರು, ಬ್ಯಾಟರಿ ಸೈಕಲ್ ಮೇಲೆ. ಅವರ ಹಿಂದೆ ದಾರಿಂಕಾ, ಪಾದ್ರಿ, ನಾವೆಲ್ಲ, ಕೊನೆಯಲ್ಲಿ ಜ್ವಾನೆ. ಗಾಣದ ಮನೆಯ ಏರಲ್ಲಿ ಲಿವಿಯೊ ನಕ್ಷೆ ನೋಡುವ ನೆಪದಲ್ಲಿ ಇಳಿದು ತಳ್ಳಿದ. ಅಲ್ಲಿಂದ ನದಿಯವರೆಗೆ ಇಳಿಜಾರು, ಹಾಗಾಗಿ ಬಿದ್ದವರು ಇಬ್ಬರೇ.

ಮೊದಲ ಓಕ್ ಮರ ಬಂತು. ನಕ್ಷೆಯಲ್ಲಿ ಮೂರು ಸುತ್ತು ಇತ್ತು. ಲಿವಿಯೊ ಏನು ಮಾಡಿಯಾನು, ಮೂರು ಸುತ್ತು ಬಂದ. ಸಾಹೇಬರು ಅವನ ಹಿಂದೆ ಮೂರು ಸುತ್ತು ಬಂದರು. ಮೂವತ್ತೊಂದು ಸೈಕಲ್ಲೂ ಆ ಮರಕ್ಕೆ ಮೂರು ಸುತ್ತು ಬಂದವು. ಸುತ್ತು ಮುಗಿದಾಗ ಕಮ್ಮಾರನ ಟೈರು ಪಂಕ್ಚರ್ ಆಗಿತ್ತು. "ನೀವು ಮುಂದೆ ನಡೀರಿ, ನಾನು ಬಂದೆ," ಎಂದ ಅವನು, ಒಂದು ಕೈಯಲ್ಲಿ ಗುದ್ದಲಿ ತಡವುತ್ತ.

ಎರಡನೆಯ ಮರದಲ್ಲಿ ಇಬ್ಬರ ಸರಪಳಿ ಕಳಚಿತು. ಮೂರನೆಯದರಲ್ಲಿ ನೀನಾ ಮುದುಕಿಗೆ ತಲೆಸುತ್ತು ಬಂತು. "ನೆರಳಲ್ಲಿ ಕೂತಿರ್ತೀನಿ ಸ್ವಾಮಿ, ನಾಯಿ ನನ್ ಜೊತೆ ಇರ್ಲಿ," ಎಂದಳು. ಐದನೆಯ ಮರದ ಹತ್ತಿರ ಪಂಕ್ಚರ್ ಆದವನು ನಾನು, ಮುಚ್ಚಿಡುವುದೇನು. ಏಳನೆಯದರಲ್ಲಿ ಪಾದ್ರಿಗೆ ಮಧ್ಯಾಹ್ನದ ಪ್ರಾರ್ಥನೆ ನೆನಪಾಯಿತು, ಆಗ ಗಂಟೆ ಹತ್ತೂವರೆ.

"ಈ ಊರಿನ ಟೈರುಗಳು ಬಹಳ ಸೂಕ್ಷ್ಮ," ಎಂದರಂತೆ ಸಾಹೇಬರು.

"ಮುಳ್ಳು ಜಾಸ್ತಿ ಸಾರ್," ಎಂದನಂತೆ ಲಿವಿಯೊ.

ಹದಿನಾಲ್ಕನೆಯ ಮರ ಮುಗಿಯುವ ಹೊತ್ತಿಗೆ ಉಳಿದವರು ನಾಲ್ಕೇ ಜನ: ಲಿವಿಯೊ, ದಾರಿಂಕಾ, ನಲವತ್ತೆರಡು ಸುತ್ತು ಸುತ್ತಿ ಕಣ್ಣು ತೇಲಿಸುತ್ತಿದ್ದ ಸಾಹೇಬರು, ಮತ್ತು ಜ್ವಾನೆ. ಕೊನೆಯ ಏರು ಶುರುವಾಯಿತು. ಬ್ಯಾಟರಿ ಸೈಕಲ್ಲಿನ ಸಾಹೇಬರು ಮುಂದೆ ಹೋದರು, ದಾರಿಂಕಾ ಅವರ ಹಿಂದೆ ತುಳಿದಳು. ಲಿವಿಯೊ ಇಳಿದು ಸೈಕಲ್ ತಳ್ಳತೊಡಗಿದ. ಪಕ್ಕದಲ್ಲಿ ಜ್ವಾನೆಯೂ ಇಳಿದು ತಳ್ಳತೊಡಗಿದ. ಇಲ್ಲಿಂದ ಮುಂದಿನದು ಅವರಿಬ್ಬರೂ ಬೇರೆ ಬೇರೆ ದಿನ ನನಗೆ ಹೇಳಿದ್ದು, ಎರಡೂ ಹೊಂದುತ್ತವೆ.

ಅರ್ಧ ಏರು ತಳ್ಳಿದರು. ಆಮೇಲೆ ಲಿವಿಯೊ ತಡೆಯಲಾರದೆ ಸೈಕಲ್ ನೆಲಕ್ಕೆ ಹಾಕಿದ. "ಕುಮ, ನಾನು ಕಾಡಿಗೆ ಕಾಲೇ ಇಟ್ಟಿಲ್ಲ ಕಣೋ. ಯಂತ್ರ ನಿನ್ನ ಮೋರಾ ಕತ್ತಲ್ಲಿತ್ತು."

"ಗೊತ್ತು," ಎಂದ ಜ್ವಾನೆ.

"ಗೊತ್ತಾ?"

"ಎರಡನೇ ದಿನಾನೇ ಕೈಗೆ ಸಿಕ್ತು. ನನ್ ನಾಯೀದು ಉಣ್ಣಿ ನಾನೇ ಹೆಕ್ಕೋದು. ಬಿಚ್ಚಿ ಎಸೀಬೇಕು ಅಂದ್ಕೊಂಡೆ. ಆಮೇಲೆ ಅಂದ್ಕೊಂಡೆ, ಕುಮ ಆಗಿ ನನ್ ಜಾಗ ಕದಿಯೋಕೆ ಯಂತ್ರ ಕಟ್ತೀಯಾ, ಆಗ್ಲಿ. ಎರಡು ತಿಂಗಳು ದಿನಾ ಆ ನಾಯೀನ ಈ ಕಾಡಲ್ಲಿ ಏನೂ ಬೆಳೀದಿರೋ ಹದಿನಾಲ್ಕು ಮರ ಹುಡುಕಿ ಸುತ್ತಿಸ್ದೆ. ಮೂರು ಮೂರು ಸಲ. ನೀನು ಬಂದು ಅಗೀತೀಯ, ಮರದ ಹಿಂದೆ ನಿಂತು ನೋಡ್ಬೇಕು ಅಂತ. ನೀನು ಬರ್ಲೇ ಇಲ್ಲ!" ಜ್ವಾನೆಯ ದನಿ ಏರಿತು. "ಅಗೆಯೋದು ಬಿಟ್ಟು, ಅಚ್ಚು ಹಾಕ್ಸಿ ವೈನಂಗಡೀಲಿ ನೇತಾಕ್ತೀಯಲ್ಲೋ! ಇದ್ಯಾವ ನಮೂನೆ ಕಳ್ಳತನ ಅಂತ ನಾನು ಮೂರು ವಾರದಿಂದ ನಿದ್ದೆ ಮಾಡಿಲ್ಲ."

"ನಂಗೆ ಜಾಗ ಯಾಕೋ ಬೇಕು? ನಂಗೆ ನಾಯಿ ಕೂಡ ಇಲ್ಲ. ಫುಮಿಯಾಗೆ ದಾರಿ ಬೇಕಿತ್ತು, ನಂಗೆ ಆ ಏರು ಹತ್ತೋಕಾಗ್ಲಿಲ್ಲ. ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಜ್ವಾನೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತ. ಕೆಳಗೆ ಕಾಡಿನ ತುಂಬ ಗುದ್ದಲಿ ಸದ್ದು ಕೇಳುತ್ತಿತ್ತು. ಅವನು ಅದನ್ನು ಸ್ವಲ್ಪ ಹೊತ್ತು ಆಲಿಸಿದ. ಆಮೇಲೆ ನಗಲು ಶುರುಮಾಡಿದವನು ಕೆಮ್ಮು ಬರುವವರೆಗೆ ನಿಲ್ಲಿಸಲಿಲ್ಲ. ಲಿವಿಯೊ ಅವನ ಬೆನ್ನು ತಟ್ಟಿದ.

ಊರ ಬಾಗಿಲಲ್ಲಿ ಸಾಹೇಬರು ಮೇಜಿನ ಮುಂದೆ ಕೂತಿದ್ದರು. ಕಾಗದ ಮುಂದಿತ್ತು, ಲೇಖನಿ ಕೈಯಲ್ಲಿತ್ತು, ಮುಖ ಹಸಿರಾಗಿತ್ತು. ಫುಮಿಯಾ ಸೊಂಟಕ್ಕೆ ಕಟ್ಟಿದ ಅಡಿಗೆ ಬಟ್ಟೆಯಲ್ಲಿ ಕೈ ಒರೆಸುತ್ತ ಪಕ್ಕದಲ್ಲಿ ನಿಂತಿದ್ದಳು.

"ಒಂದೇ ಒಂದು ಪ್ರಶ್ನೆ," ಎಂದರು ಸಾಹೇಬರು. "ನಾನು ಇಪ್ಪತ್ತು ದೇಶದಲ್ಲಿ ಸೈಕಲ್ ಹೊಡೆದಿದೀನಿ. ದಾರಿ ಮುಂದಕ್ಕೆ ಹೋಗುತ್ತೆ. ಇದು ಯಾಕೆ ಮರಕ್ಕೆ ಮೂರು ಸುತ್ತು ಬರುತ್ತೆ? ನೀವು ಹೇಳಿದ ನೋಟ ನನಗೆ ಒಂದು ಕಡೆನೂ ಕಾಣಲಿಲ್ಲ. ಕಾರಣ ಸರಿಯಿಲ್ಲ ಅಂದ್ರೆ ಸಹಿ ಇಲ್ಲ."

ಲಿವಿಯೊ ಬಾಯಿ ತೆರೆದ. ನಿಜವೇ ಬರುವುದರಲ್ಲಿತ್ತು.

"ಅದು ನಮ್ಮೂರ ಪದ್ಧತಿ ಸಾರ್," ಎಂದ ಜ್ವಾನೆ ಹಿಂದಿನಿಂದ. "ಹಳೇ ಓಕ್ ಮರ ದಾಟೋವಾಗ ಮೂರು ಸುತ್ತು ಬರ್ದೇ ಹೋದ್ರೆ ಮನೆಗೆ ಒಳ್ಳೇದಾಗಲ್ಲ. ನಮ್ಮ ತಾತನ ತಾತನ ಕಾಲದಿಂದ ಹಿಂಗೇನೇ. ನೋಡ್ಲಿಲ್ವಾ, ಇಡೀ ಊರು ಹೆಂಗೆ ಭಕ್ತಿಯಿಂದ ಒಂದೊಂದು ಮರದ ಹತ್ರ ಉಳ್ಕೊಂಡ್ತು? ಪಾದ್ರಿಗಳೂ ಉಳ್ಕೊಂಡ್ರು."

ಸಾಹೇಬರು ಯೋಚಿಸಿದರು. ಪಾದ್ರಿ ಉಳಿದದ್ದನ್ನು ಅವರೇ ಕಣ್ಣಾರೆ ಕಂಡಿದ್ದರು. ದಾರಿಂಕಾಳ ಕಣ್ಣು ಮತ್ತೆ ತುಂಬಿತು. "ಪುರಾತನ ಪದ್ಧತಿ," ಎಂದು ಸಾಹೇಬರು ಬರೆದುಕೊಂಡರು, "ಫಲಕ ಹಾಕಿಸಿ," ಎಂದರು, ಸಹಿ ಹಾಕಿದರು, ಹೋಗಿ ಗೋಡೆಯ ನೆರಳಲ್ಲಿ ಮಲಗಿದರು.

ನಾವು ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ಮೇಲೆ ಬಂದೆವು. ಯಾರೂ ಯಾರನ್ನೂ ಏನು ಸಿಕ್ಕಿತೆಂದು ಕೇಳಲಿಲ್ಲ. ನನಗೆ ಸಿಕ್ಕಿದ್ದು ಒಂದು ಬೂಟು, ಎಡಗಾಲಿನದು. ಈಗ ಹದಿನಾಲ್ಕು ಮರಕ್ಕೂ ಫಲಕವಿದೆ. ಜರ್ಮನರೂ ಡಚ್ಚರೂ ಬಂದು ನಿಷ್ಠೆಯಿಂದ ಮೂರು ಸುತ್ತು ಹಾಕಿ ಹೋಗುತ್ತಾರೆ. ನಮ್ಮವರು ಕೆಲವರು, ಇನ್ನೂ ಆಳಕ್ಕೆ ಅಗೆದರೆ ಸಿಕ್ಕೀತೇನೋ ಎಂದು ಈಗಲೂ ಆ ಕಡೆ ಹೋಗುತ್ತಾರೆ. ಜ್ವಾನೆ ಬೇರೆಲ್ಲೋ ನೆಮ್ಮದಿಯಾಗಿ ಅಗೆಯುತ್ತಿದ್ದಾನೆ.

ಗ್ರಾಜ್‌ನ ಗಂಡ ಹೆಂಡತಿ ಭಾನುವಾರ ಬಂದರು. ಆ ಸಂಜೆ, ಅವರು ಮೇಲೆ ಮಾತಾಡುವ ಸದ್ದು ಕೇಳುತ್ತಿದ್ದಾಗ, ಲಿವಿಯೊಗೆ ಮನಸ್ಸು ತಡೆಯಲಿಲ್ಲ. "ಫುಮಿಯಾ, ನಿಂಗೆ ಒಂದು ಹೇಳ್ಬೇಕು. ಆ ದಾರೀನ ನಾನು..."

"ಎರಡು ತಿಂಗಳು ನಿನ್ನ ಅಂಗಿ ಒಗೆದೋಳು ನಾನು," ಎಂದಳು ಫುಮಿಯಾ, ಕೈಯ ಕೆಲಸ ಬಿಡದೆ. "ಒಂದಕ್ಕಾದ್ರೂ ಬೆವರಿನ ಗೆರೆ ಇತ್ತಾ? ಎಲ್ಲಾ ಗೋಣಿಚೀಲದ ನಾರು."

ಲಿವಿಯೊ ಕೂತುಬಿಟ್ಟ. "ಗೊತ್ತಿದ್ದೂ ಸುಮ್ನಿದ್ಯಾ?"

"ಮತ್ತೇನ್ ಮಾಡ್ಲಿ? ನಿಜವಾಗ್ಲೂ ಹೋಗು ಅಂತ ಕಳ್ಸಿದ್ರೆ ಎರಡನೇ ತಿರುವಲ್ಲಿ ಎದೆ ಹಿಡ್ಕೊಂಡು ಬೀಳ್ತಿದ್ದೆ. ದಾರಿನೂ ಇರ್ತಿರ್ಲಿಲ್ಲ, ಗಂಡನೂ ಇರ್ತಿರ್ಲಿಲ್ಲ." ಅವಳು ತಟ್ಟೆಯಲ್ಲಿ ಎರಡು ಬಟ್ಟಲು ಕಾಫಿ ಇಟ್ಟು ಅವನ ಕೈಗೆ ಕೊಟ್ಟಳು. "ಇದನ್ನ ಮೇಲೆ ಕೊಟ್ಟು ಬಾ."

ಲಿವಿಯೊ ತಟ್ಟೆ ಹಿಡಿದು ಹೊರಟ. ಮೆಟ್ಟಿಲು ಹನ್ನೊಂದಿದ್ದವು. ನಡುವೆ ಎರಡು ಕಡೆ ನಿಂತು ಹತ್ತಿದ.